ಸ್ಟಾಲ್ ಎಷ್ಟು ಅಂತ ಆಮೇಲೆ ನೋಡೋಣ, ದಿನಾ ಓಡಿಸೋ ದಾರಿ ಹೇಳಿ

ನಮ್ಮ ಶಾಪಿನ ಕೌಂಟರಿಗೆ ಬರುವ ಪಿಕಪ್ ಟ್ರಕ್ ಮಾಲೀಕರಲ್ಲಿ ಮುಕ್ಕಾಲು ಪಾಲು ಜನರ ಮೊದಲ ಪ್ರಶ್ನೆ ಒಂದೇ: "ಟಾರ್ಕ್ ಕನ್ವರ್ಟರ್ ಎಷ್ಟು ಸ್ಟಾಲಿನದ್ದು ಹಾಕಿಸಲಿ?" ಟೆಕ್ಸಸ್‌ನ ಫೋರ್ಟ್ ವರ್ತ್ ಕಡೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವ ಕೆಲಸ ನನ್ನದು. ಈ ಪ್ರಶ್ನೆಗೆ ನೇರ ಉತ್ತರ ಕೊಡುವುದನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ, ಐ-35 ಹೈವೇಯಲ್ಲಿ ಎಷ್ಟು ಹೊತ್ತು ಸಿಕ್ಕಿಹಾಕಿಕೊಳ್ಳುತ್ತೀರಿ, ಹಿಂದೆ ಏನು ಕಟ್ಟಿ ಎಳೆಯುತ್ತೀರಿ, ಟ್ರೇಲರ್ ರಿವರ್ಸ್ ಹಾಕುವ ಜಾಗ ಏರೋ ಸಮತಟ್ಟೋ ಎಂದು ನಾನೇ ಕೇಳಲು ಶುರು ಮಾಡುತ್ತೇನೆ. ಕೆಲವರಿಗೆ ರೇಗುತ್ತದೆ. ಸಾಮಾನು ಕೊಳ್ಳಲು ಬಂದವನಿಗೆ ಸಂಸಾರದ ವಿಚಾರಣೆ ಯಾಕೆ ಎನ್ನುವ ಮುಖ ಮಾಡುತ್ತಾರೆ.

ಕ್ಲಚ್ ಪೆಡಲ್ ಇಲ್ಲದ ಗಾಡಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವುದು ಟಾರ್ಕ್ ಕನ್ವರ್ಟರ್. ಎಂಜಿನ್ ತಿರುಗಿಸುವ ಇಂಪೆಲ್ಲರ್ ಆಯಿಲ್ ಎಸೆಯುತ್ತದೆ, ಎದುರಿನ ಟರ್ಬೈನ್ ಆ ರಭಸಕ್ಕೆ ತಿರುಗಿ ಗೇರ್‌ಬಾಕ್ಸಿನ ಶಾಫ್ಟನ್ನು ತಿರುಗಿಸುತ್ತದೆ. ನಡುವಿನ ಸ್ಟೇಟರ್ ವಾಪಸ್ ಬರುವ ಆಯಿಲಿನ ದಿಕ್ಕು ಬದಲಿಸಿ, ಗಾಡಿ ಹೊರಡುವ ಗಳಿಗೆಯಲ್ಲಿ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಸುಮಾರು ಎರಡು ಪಟ್ಟು ಮಾಡಿಕೊಡುತ್ತದೆ. ವೇಗ ಬಂದ ಮೇಲೆ ಒಳಗಿರುವ ಲಾಕಪ್ ಕ್ಲಚ್ ಕಚ್ಚಿಕೊಂಡು ಜಾರುವಿಕೆಯನ್ನು ನಿಲ್ಲಿಸುತ್ತದೆ. ಟರ್ಬೈನ್ ಕದಲದ ಹಾಗೆ ಹಿಡಿದು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಎಷ್ಟು ಆರ್‌ಪಿಎಂಗೆ ಏರಿ ನಿಲ್ಲುತ್ತದೋ ಅದು ಸ್ಟಾಲ್. ಊರಲ್ಲಿ ಲಾರಿ ಓಡಿಸಿದವರಿಗೆ ಹೇಳುವುದಾದರೆ, ಸ್ಟಾಲ್ ಜಾಸ್ತಿ ಇರುವ ಕನ್ವರ್ಟರ್ ಹಾಕಿಸುವುದೆಂದರೆ ಇನ್ನಷ್ಟು ಹೊತ್ತು ಹಾಫ್ ಕ್ಲಚ್‌ನಲ್ಲಿ ಓಡಿಸಿದಂತೆ. ಅಲ್ಲಿ ಪ್ಲೇಟ್ ಸುಡುತ್ತದೆ, ಇಲ್ಲಿ ಆಯಿಲ್ ಕಾಯುತ್ತದೆ.

ಕ್ಯಾಟಲಾಗಿನ ನಂಬರನ್ನು ನಂಬಿ ಬರುವವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಸ್ಟಾಲ್ ಕನ್ವರ್ಟರ್ ಒಂದರದ್ದೇ ಗುಣವಲ್ಲ. ಅದೇ ಕನ್ವರ್ಟರನ್ನು ಹೆಚ್ಚು ಟಾರ್ಕಿನ ಎಂಜಿನ್ನಿಗೆ ಕೂರಿಸಿದರೆ ಸ್ಟಾಲ್ ಮೇಲೇರುತ್ತದೆ, ಕಡಿಮೆ ಟಾರ್ಕಿನದಕ್ಕೆ ಕೂರಿಸಿದರೆ ಇಳಿಯುತ್ತದೆ. ನಮ್ಮಲ್ಲಿಗೆ ಹೆಚ್ಚು ಬರುವುದು ಹಳೆಯ ಡಾಡ್ಜ್ ರ‍್ಯಾಮ್, 5.9 ಲೀಟರ್ ಕಮ್ಮಿನ್ಸ್ ಡೀಸೆಲ್, 47ಆರ್‌ಇ ಗೇರ್‌ಬಾಕ್ಸ್. 1998ರ ಮಧ್ಯದಲ್ಲಿ ಬಂದ 24 ವಾಲ್ವಿನ ಆ ಎಂಜಿನ್ ಆಟೊಮ್ಯಾಟಿಕ್ ಗಾಡಿಯಲ್ಲಿ 420 ಪೌಂಡ್-ಫೂಟ್, ಅಂದರೆ ಸುಮಾರು 570 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ಅದೂ 1,600 ಆರ್‌ಪಿಎಂನಲ್ಲೇ. ಇಂಥ ಗಾಡಿಗೆ ಪೆಟ್ರೋಲ್ ರೇಸ್ ಕಾರಿನವರು ಮಾತಾಡುವ 2,800ರ ಸ್ಟಾಲ್ ಕೇಳಿಕೊಂಡು ಬರುತ್ತಾರೆ! ಎಂಜಿನ್ನಿನ ಶಕ್ತಿಯೆಲ್ಲ ಇರುವ ಜಾಗವನ್ನೇ ಹಾರಿಸಿಬಿಟ್ಟು, ಅಲ್ಲಿ ಬರೀ ಆಯಿಲ್ ಕಾಯಿಸುವುದಕ್ಕೆ ದುಡ್ಡು ಕೊಟ್ಟ ಹಾಗೆ. ಭಾರ ಎಳೆಯುವ ಡೀಸೆಲ್ಲಿಗೆ ಬೇಕಾದದ್ದು ಬಿಗಿಯಾದ, ಕಡಿಮೆ ಸ್ಟಾಲಿನ ಕನ್ವರ್ಟರ್. ಆದರೆ ಬಹಳ ಬಿಗಿ ಮಾಡಿದರೂ ಕಷ್ಟವಿದೆ: ಟರ್ಬೊ ಗಾಳಿ ತುಂಬುವಷ್ಟು ಆರ್‌ಪಿಎಂ ಏರುವುದೇ ಇಲ್ಲ, ಸಿಗ್ನಲ್ ಬಿಟ್ಟ ಮೇಲೆ ಕಪ್ಪು ಹೊಗೆ ಉಗುಳುತ್ತಾ ಗಾಡಿ ಆಲೋಚನೆ ಮಾಡುತ್ತಾ ನಿಲ್ಲುತ್ತದೆ. ಟರ್ಬೊ ದೊಡ್ಡದು ಹಾಕಿಸಿದವರಿಗಂತೂ ಇದು ದಿನನಿತ್ಯದ ಪಾಡು.

ಸ್ಟಾಲ್ ಬಗ್ಗೆ ಇಷ್ಟು ಸಾಕು. ದಿನಾ ಓಡಿಸುವವನು ನಿಜವಾಗಿ ಬಾಳಬೇಕಾದದ್ದು ಲಾಕಪ್ ಜೊತೆಗೆ.

ಕಂಪನಿಯಿಂದ ಬರುವ ಈ ಕನ್ವರ್ಟರಿನ ಲಾಕಪ್ಪಿಗೆ ಒಂದೇ ಡಿಸ್ಕ್. ಎಂಜಿನ್ ಟ್ಯೂನ್ ಮಾಡಿಸಿ ಟಾರ್ಕ್ ಏರಿಸಿದವರು ಅದನ್ನು ಜಾರಿಸಿ ಸುಟ್ಟುಕೊಂಡು ನಮ್ಮಲ್ಲಿಗೆ ಬರುತ್ತಾರೆ, ಮೂರು ಡಿಸ್ಕಿನದ್ದು ಹಾಕಿಸಿಕೊಂಡು ಹೋಗುತ್ತಾರೆ. ಅದು ಗಟ್ಟಿ, ಒಪ್ಪುತ್ತೇನೆ. ಮುಂದಿನ ಕವರ್ ಕೂಡ ದಪ್ಪ ಉಕ್ಕಿನಿಂದ ಕಡೆದದ್ದು, ಒತ್ತಡಕ್ಕೆ ಉಬ್ಬುವುದಿಲ್ಲ. ಆದರೆ ಲಾಕ್ ಆಗುವಾಗ ಸೀಟಿಗೆ ಒಂದು ಹೊಡೆತ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಓಡಿಸುವವನಿಗೆ ಅದೇ ಖುಷಿ. ಮಗುವನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗುವವನಿಗೆ ಎರಡನೇ ದಿನಕ್ಕೇ ಸಾಕಾಗುತ್ತದೆ. ಇನ್ನೊಂದು: ಜಾರುತ್ತಿದ್ದ ಡಿಸ್ಕು ಒಂದು ಲೆಕ್ಕದಲ್ಲಿ ಹಿಂದಿನ ಶಾಫ್ಟನ್ನು ಕಾಪಾಡುತ್ತಿತ್ತು. ಜಾರುವುದು ನಿಂತರೆ ಪೂರ್ತಿ ಎಳೆತ ಇನ್‌ಪುಟ್ ಶಾಫ್ಟಿನ ಮೇಲೆ ಬೀಳುತ್ತದೆ. ಆದ್ದರಿಂದ ಜೋರಾಗಿ ಟ್ಯೂನ್ ಮಾಡಿದ ಗಾಡಿಗೆ ಕನ್ವರ್ಟರ್ ಮಾತ್ರ ಮಾರುವುದು ಅರ್ಧ ಕೆಲಸ. ಶಾಫ್ಟಿನ ಮಾತನ್ನೂ ಅದೇ ದಿನ ಆಡಬೇಕು, ಅದರ ಖರ್ಚು ಕೇಳಿ ಗಿರಾಕಿ ಎದ್ದು ಹೋದರೂ ಸರಿ. ನಮ್ಮ ಓನರ್‌ಗೆ ಈ ಕೊನೆಯ ಮಾತು ಅಷ್ಟಾಗಿ ಹಿಡಿಸುವುದಿಲ್ಲ.

ಕುದುರೆ ಟ್ರೇಲರ್ ಎಳೆಯುವವರಿಗೆ ಮಾತ್ರ ನಾನು ಗಟ್ಟಿ ಲಾಕಪ್ಪನ್ನೇ ಹೇಳುತ್ತೇನೆ. ಹೊಗೆ ಹೋಗುವ ದಾರಿ ಕಟ್ಟಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇರುವ ಡೀಸೆಲ್ ಇಳಿಜಾರಿನಲ್ಲಿ ಗಾಡಿಯನ್ನು ತಡೆಯಬೇಕಾದರೆ ಚಕ್ರಕ್ಕೂ ಎಂಜಿನ್ನಿಗೂ ನೇರ ಹಿಡಿತ ಬೇಕು. ಲಾಕ್ ಬಿಟ್ಟಿದ್ದರೆ ಕನ್ವರ್ಟರ್ ಜಾರುತ್ತದೆ, ತಡೆಯುವ ಕೆಲಸವೆಲ್ಲ ಚಕ್ರದ ಬ್ರೇಕಿನ ಪಾಲಿಗೆ ಬರುತ್ತದೆ. ಇದಕ್ಕೆಂದು ಕೆಲವರು ಡ್ಯಾಶ್‌ಬೋರ್ಡಿಗೆ ಕೈಯಿಂದ ಲಾಕ್ ಮಾಡುವ ಸ್ವಿಚ್ ಹಾಕಿಸುತ್ತಾರೆ. ಆ ಸ್ವಿಚ್ ಆಫ್ ಮಾಡದೆ ಗಾಡಿ ನಿಲ್ಲಿಸಲು ಹೋದರೆ, ಕ್ಲಚ್ ಒತ್ತದೆ ಬ್ರೇಕ್ ಹಾಕಿದ ಗಾಡಿಯಂತೆ ಎಂಜಿನ್ ಆಫ್ ಆಗುತ್ತದೆ. ಟ್ರಕ್ ಒಬ್ಬರೇ ಓಡಿಸುವುದಿಲ್ಲ, ಮನೆಯಲ್ಲಿ ಇನ್ನೊಬ್ಬರೂ ಓಡಿಸುತ್ತಾರೆ ಎಂದು ಗೊತ್ತಾದರೆ ನಾನು ಆ ಸ್ವಿಚ್ ಬೇಡ ಎನ್ನುತ್ತೇನೆ.

ಹೊಸ ಕನ್ವರ್ಟರ್ ಹಾಕಿಸಿಕೊಂಡು ಹೋದವರು ವಾಪಸ್ ಬಂದು ಹೇಳುವ ದೂರುಗಳಲ್ಲಿ ಎಷ್ಟೋ ಕನ್ವರ್ಟರಿನದ್ದೇ ಅಲ್ಲ. ಒಬ್ಬರ ಟ್ರಕ್ ಗಂಟೆಗೆ 45 ಮೈಲಿ ವೇಗದ ಆಸುಪಾಸಿನಲ್ಲಿ ಲಾಕ್ ಆಗುವುದು, ಬಿಡುವುದು, ಮತ್ತೆ ಲಾಕ್ ಆಗುವುದು. ಕಾಲು ಅಲುಗಾಡಿಸದೆ ಇಟ್ಟರೂ ಟ್ಯಾಕೊಮೀಟರಿನ ಮುಳ್ಳು ಇನ್ನೂರು ಮುನ್ನೂರು ಆರ್‌ಪಿಎಂ ಮೇಲೆ ಕೆಳಗೆ ಆಡುತ್ತಿತ್ತು. ಅವರ ಪ್ರಕಾರ ಡಿಸ್ಕ್ ಕೆಟ್ಟಿದೆ, ವಾರಂಟಿಯಲ್ಲಿ ಬದಲಿಸಿ ಕೊಡಬೇಕು. ಗೇರ್‌ಬಾಕ್ಸ್ ಇಳಿಸುವ ಮೊದಲು ಮಲ್ಟಿಮೀಟರ್ ಹಿಡಿದೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಎಸಿ ವೋಲ್ಟೇಜ್ ಅಳೆದರೆ 0.1 ವೋಲ್ಟಿಗಿಂತ ಕಡಿಮೆ ಇರಬೇಕು. ಇಲ್ಲಿ ಅದಕ್ಕಿಂತ ಚೆನ್ನಾಗಿ ಮೇಲಿತ್ತು. ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಆಲ್ಟರ್ನೇಟರಿನೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋದಾಗ ಈ ಎಸಿ ಗದ್ದಲ ವೈರಿಂಗಿನೊಳಗೆ ನುಗ್ಗುತ್ತದೆ, ಆಕ್ಸಿಲರೇಟರ್ ಸೆನ್ಸರಿನ ಸಿಗ್ನಲ್ ಕಲಕುತ್ತದೆ. ಡ್ರೈವರ್ ಕಾಲು ಒತ್ತುತ್ತಿದ್ದಾನೆ, ಬಿಡುತ್ತಿದ್ದಾನೆ ಎಂದು ಕಂಪ್ಯೂಟರ್ ತಿಳಿದುಕೊಂಡು ಲಾಕಪ್ ಸೊಲೆನಾಯ್ಡಿಗೆ (ಲಾಕಪ್ಪನ್ನು ಹಿಡಿಸುವ, ಬಿಡಿಸುವ ವಿದ್ಯುತ್ ವಾಲ್ವಿಗೆ) ಆನ್, ಆಫ್ ಹೇಳುತ್ತಾ ಹೋಗುತ್ತದೆ. ಆಲ್ಟರ್ನೇಟರಿನ ಪ್ಲಗ್ ಕಳಚಿ, ಬ್ಯಾಟರಿ ಎರಡಿರುವ ಧೈರ್ಯದ ಮೇಲೆ ಹೈವೇಯಲ್ಲಿ ಒಂದು ಸುತ್ತು ಹೊಡೆಸಿದೆ. ಮುಳ್ಳು ಅಲುಗಾಡಲಿಲ್ಲ. ಆಲ್ಟರ್ನೇಟರ್ ಬದಲಾಯಿತು, ಎರಡೂ ಬ್ಯಾಟರಿಗಳ ಅರ್ಥ್ ಕೇಬಲ್ ತುದಿ ಉಜ್ಜಿ ಬಿಗಿದೆವು, ಕನ್ವರ್ಟರನ್ನು ಮುಟ್ಟಲೇ ಇಲ್ಲ. ಹಳೆಯ ಕನ್ವರ್ಟರಿನಲ್ಲಿ ಈ ತೊಂದರೆ ಇರಲಿಲ್ಲ ಎಂದು ಅವರು ವಾದಿಸುತ್ತಲೇ ಇದ್ದರು. ಬಹುಶಃ ಇತ್ತು, ಸುಟ್ಟ ಡಿಸ್ಕು ಮೆತ್ತಗೆ ಜಾರುತ್ತಿದ್ದುದರಿಂದ ಕಾಣುತ್ತಿರಲಿಲ್ಲ.

ಬೆಳಗಿನ ದೂರು ಬೇರೆ. ರಾತ್ರಿಯೆಲ್ಲ ನಿಂತ ಟ್ರಕ್ಕನ್ನು ಡ್ರೈವ್‌ಗೆ ಹಾಕಿದರೆ ಎರಡು ಮೂರು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ದಡಕ್ಕನೆ ಹಿಡಿಯುತ್ತದೆ. ಕನ್ವರ್ಟರಿನ ಆಯಿಲ್ ರಾತ್ರಿ ಕೆಳಗಿನ ಪ್ಯಾನಿಗೆ ಇಳಿದಿರುತ್ತದೆ. ಈ ಗೇರ್‌ಬಾಕ್ಸಿನ ವಿನ್ಯಾಸವೇ ಹಾಗೆ, ಪಾರ್ಕ್‌ನಲ್ಲಿ ಕನ್ವರ್ಟರಿಗೆ ಆಯಿಲ್ ಹೋಗುವುದಿಲ್ಲ. ಪಾರ್ಕ್‌ನಲ್ಲಿಟ್ಟು ಹತ್ತು ನಿಮಿಷ ಎಂಜಿನ್ ಬಿಸಿ ಮಾಡಿದರೂ ಪ್ರಯೋಜನವಿಲ್ಲ. ಪಾರ್ಕಿಂಗ್ ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ತುಂಬಿಕೊಳ್ಳುತ್ತದೆ. ಆಯಿಲ್ ಮಟ್ಟವನ್ನು ಡಿಪ್‌ಸ್ಟಿಕ್‌ನಲ್ಲಿ ನೋಡುವುದೂ ನ್ಯೂಟ್ರಲ್‌ನಲ್ಲೇ, ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗ. ಪಾರ್ಕ್‌ನಲ್ಲಿ ನೋಡಿ, ಸರಿ ಇದೆ ಎಂದುಕೊಂಡು ತಿಂಗಳುಗಟ್ಟಲೆ ಕಡಿಮೆ ಆಯಿಲ್‌ನಲ್ಲೇ ಓಡಿಸುವವರಿದ್ದಾರೆ.

ಟೆಕ್ಸಸ್ ಬೇಸಿಗೆಯಲ್ಲಿ ಹೊರಗೇ 100 ಫ್ಯಾರನ್‌ಹೀಟ್ ದಾಟಿರುತ್ತದೆ. ನಿಂತು ಸಾಗುವ ಟ್ರಾಫಿಕ್ಕಿನಲ್ಲಿ ಲಾಕಪ್ ಆಗುವಷ್ಟು ವೇಗವೇ ಬರುವುದಿಲ್ಲ, ಕನ್ವರ್ಟರ್ ಜಾರುತ್ತಲೇ ಇರುತ್ತದೆ. ಪ್ಯಾನಿನಲ್ಲಿ ಆಯಿಲ್ 175ರಿಂದ 200 ಫ್ಯಾರನ್‌ಹೀಟ್, ಅಂದರೆ 80ರಿಂದ 93 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನಾನು ನೆಮ್ಮದಿಯಾಗಿರುತ್ತೇನೆ. ಆದರೆ ಪ್ಯಾನಿನ ಮೀಟರ್ ಸುದ್ದಿಯನ್ನು ತಡವಾಗಿ ಹೇಳುತ್ತದೆ. ಕನ್ವರ್ಟರಿನಿಂದ ಆಯಿಲ್ ಕೂಲರಿಗೆ ಹೋಗುವ ಪೈಪಿಗೆ ಸೆನ್ಸರ್ ಹಾಕಿದರೆ, ಭಾರ ಹಿಂದಿಟ್ಟುಕೊಂಡು ಏರಿನಲ್ಲಿ ನಿಧಾನಕ್ಕೆ ರಿವರ್ಸ್ ಹೋಗುವಾಗ ಆಯಿಲಿನ ಬಿಸಿ ಹೇಗೆ ಮೇಲೆ ಚಿಮ್ಮುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಟ್ರೇಲರ್ ರಿವರ್ಸ್ ಹಾಕುವ ಜಾಗದ ಬಗ್ಗೆ ನಾನು ಕೌಂಟರಿನಲ್ಲೇ ಕೇಳುವುದು ಇದಕ್ಕೇ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಮಣ್ಣು ನೆಲದಲ್ಲಿ ಲೋ ರೇಂಜ್‌ಗೆ ಹಾಕಿ ರಿವರ್ಸ್ ಮಾಡಿ ಎನ್ನುತ್ತೇನೆ, ಅದಕ್ಕೆ ಒಂದು ಡಾಲರೂ ಖರ್ಚಿಲ್ಲ.

ಎಂಜಿನ್ ಟ್ಯೂನ್ ಮಾಡಿಸದೆ, ಏನೂ ಎಳೆಯದೆ, ಆಫೀಸಿಗೆ ಹೋಗಿಬರುವ ಟ್ರಕ್ಕಾದರೆ ಕಂಪನಿಯದೇ ಅಳತೆಯ ರೀಬಿಲ್ಡ್ ಕನ್ವರ್ಟರ್ ಮತ್ತು ಒಂದು ಒಳ್ಳೆಯ ಕೂಲರ್ ಬರೆದುಕೊಡುತ್ತೇನೆ. ಹಳೆಯ ಡಿಸ್ಕಿನ ಪುಡಿ ಕೂಲರಿನೊಳಗೆ ಕೂತಿರುತ್ತದೆ, ತೊಳೆದರೂ ಪೂರ್ತಿ ಬರುವುದಿಲ್ಲ. ಹಳೆಯ ಕೂಲರನ್ನೇ ಉಳಿಸಿ ಎನ್ನುವವರಿಗೆ ವಾರಂಟಿ ಬರೆದುಕೊಡುವುದಿಲ್ಲ.