24 ಗಂಟೆ, 1,630 ಕಿಲೋಮೀಟರ್, ಕೈಯಲ್ಲಿ ಉಳಿಯುವುದು 38 ನಿಮಿಷ

ರಾತ್ರಿ ಎರಡು ಗಂಟೆಗೆ ಬೆಂಗಳೂರಿನ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿ ಬಿಲ್ ಕೈಗೆ ಬಂದ ಗಳಿಗೆಯಿಂದ ಲೆಕ್ಕ ಶುರು. ದೂರದ ಬೈಕ್ ಸವಾರರ ಸಂಘವಾದ ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಮಾನ್ಯ ಮಾಡುವ ‘ಸ್ಯಾಡಲ್‌ಸೋರ್ 1000’ ಬೈಕ್ ಸವಾರಿಯ ಷರತ್ತು ಸರಳ: 24 ಗಂಟೆಯೊಳಗೆ 1,000 ಮೈಲಿ, ಅಂದರೆ ಸುಮಾರು 1,609 ಕಿ.ಮೀ. ಮೊದಲ ಬಿಲ್ಲಿನಿಂದ ಕೊನೆಯ ಬಿಲ್ಲಿನವರೆಗಿನ ಹೊತ್ತೇ ಸವಾರಿಯ ಹೊತ್ತು. ಬೆಂಗಳೂರಿನವರು ಇದಕ್ಕೆ ರಾಷ್ಟ್ರೀಯ ಹೆದ್ದಾರಿ 48ನ್ನು ಹಿಡಿದು ಪುಣೆಯ ಹೊಸ್ತಿಲಿನ ಖೇಡ್ ಶಿವಾಪುರದವರೆಗೆ ಹೋಗಿ ಮರಳಬಹುದು. ನಗರದ ನಡುವಿನಿಂದ ಅಲ್ಲಿಗೆ ಸುಮಾರು 815 ಕಿ.ಮೀ., ಹೋಗಿ ಬಂದರೆ 1,630.

ಇದೇ ದಾರಿ ಯಾಕೆ? ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಎಲ್ಲವನ್ನೂ ಹೆದ್ದಾರಿ ಹೊರಗಿನಿಂದಲೇ ದಾಟುತ್ತದೆ. ಹೈದರಾಬಾದ್ ಕಡೆಗೆ ಹೊರಟರೆ ಅಲ್ಲಿನ ಹೊರವರ್ತುಲ ಹೆದ್ದಾರಿಗೆ ಬೈಕ್ ಬಿಡುವುದಿಲ್ಲ, ಇಡೀ ನಗರವನ್ನು ಸೀಳಿಕೊಂಡು ಹೋಗಬೇಕು. ಪುಣೆಯವರೆಗೂ ಹೋಗದೆ ಖೇಡ್ ಶಿವಾಪುರದಲ್ಲೇ ತಿರುಗುವುದಕ್ಕೂ ಕಾರಣವಿದೆ. ಅದರಾಚೆಯ ಕಾತ್ರಜ್ ಹೊಸ ಸುರಂಗ ದಾಟಿದರೆ ನವಲೆ ಸೇತುವೆಯ ಕಡೆಗೆ ಉದ್ದನೆಯ ಇಳಿಜಾರು. ಬ್ರೇಕ್ ಕಳೆದುಕೊಂಡ ಲಾರಿಗಳಿಂದ ಹೆಸರು ಕೆಡಿಸಿಕೊಂಡ ಜಾಗ ಅದು. 20 ಕಿ.ಮೀ. ಹೆಚ್ಚುವರಿಗಾಗಿ ಅಲ್ಲಿಗೆ ಇಳಿಯಬೇಕಿಲ್ಲ.

ಈಗ ಗಣಿತ. ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಬೈಕ್‌ಗೆ ಕೇಂದ್ರದ ಗರಿಷ್ಠ ಮಿತಿ ಗಂಟೆಗೆ 80 ಕಿ.ಮೀ. ಬೆಂಗಳೂರಿನಿಂದ ನಿಪ್ಪಾಣಿಗೆ 580 ಕಿ.ಮೀ. ರಸ್ತೆ ಚೆನ್ನಾಗಿದೆ, ಸರಾಸರಿ 75 ಸಿಕ್ಕರೆ 7 ಗಂಟೆ 44 ನಿಮಿಷ. ನಿಪ್ಪಾಣಿಯಿಂದಾಚೆ 235 ಕಿ.ಮೀ. ಕಾಗಲ್–ಸಾತಾರಾ ನಡುವೆ ಆರು ಪಥದ ಕಾಮಗಾರಿಯ ಡೈವರ್ಷನ್‌ಗಳಿರುವುದರಿಂದ 68ಕ್ಕಿಂತ ಹೆಚ್ಚು ಬರೆದುಕೊಳ್ಳಬೇಡಿ, 3 ಗಂಟೆ 27 ನಿಮಿಷ. ಎರಡು ಕಡೆಗೂ ಸೇರಿ 22 ಗಂಟೆ 22 ನಿಮಿಷ. ನಡುವೆ ಐದು ನಿಲುಗಡೆ, ಒಂದೊಂದಕ್ಕೆ 12 ನಿಮಿಷ, ಒಟ್ಟು ಒಂದು ಗಂಟೆ. ಉಳಿದದ್ದು 38 ನಿಮಿಷ. ನಿಂತು ಕಳೆದ ಒಂದು ಗಂಟೆಯನ್ನು 80ರ ಮಿತಿಯೊಳಗೆ ಓಡಿ ಮರಳಿ ಪಡೆಯಲು ಆಗುವುದೇ ಇಲ್ಲ. ಹಾಗಾಗಿ ಈ ಸವಾರಿಯ ಯೋಜನೆ ಎಂದರೆ ನಿಲುಗಡೆಗಳ ಯೋಜನೆ.

ಬೈಕ್‌ನ ಸ್ಪೀಡೋಮೀಟರ್ ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಮುಳ್ಳು 80ರಲ್ಲಿದ್ದಾಗ ನಿಜವೇಗ 76 ಇರಬಹುದು, ಆಗ 75ರ ಸರಾಸರಿ ಕನಸಿನ ಮಾತು. ವೇಗವನ್ನು ಜಿಪಿಎಸ್‌ನಲ್ಲಿ ನೋಡಿಕೊಳ್ಳಿ. ಓಡೋಮೀಟರ್‌ನದೂ ಅದೇ ಕತೆ: ನೂರಕ್ಕೆ ಎರಡೂವರೆ ಹೆಚ್ಚು ತೋರಿಸಿದರೆ 1,630 ಎಂದದ್ದು ನಿಜಕ್ಕೆ 1,590 ಆಗಿ ಸವಾರಿಯೇ ತಿರಸ್ಕೃತವಾಗುತ್ತದೆ. ದೂರವನ್ನು ನಕ್ಷೆಯಲ್ಲಿ, ಬಂಕ್‌ನಿಂದ ಬಂಕ್‌ಗೆ ಅಳೆಯಿರಿ. ಮಾನ್ಯತೆ ಕೊಡುವವರು ನೋಡುವುದೂ ಬಿಲ್ಲುಗಳ ನಡುವಿನ ನಕ್ಷೆಯ ದೂರವನ್ನೇ.

ಹೊರಡಲು ಎರಡು ಗಂಟೆಯೇ ಯಾಕೆಂದರೆ, ನಾಲ್ಕಕ್ಕೆ ಹೊರಟರೆ ಕೊನೆಯ ನೂರಾರು ಕಿಲೋಮೀಟರ್ ಮರುದಿನದ ಬೆಳಗಿನ ಜಾವಕ್ಕೆ, ಮೈ ಅತಿ ಹೆಚ್ಚು ನಿದ್ದೆ ಬೇಡುವ ಹೊತ್ತಿಗೆ ಬೀಳುತ್ತದೆ. ಹಿಂದಿನ ಸಂಜೆ ಆರಕ್ಕೆ ಮಲಗಿ ಒಂದಕ್ಕೆ ಏಳಿ. ಬೆಂಗಳೂರಿನ ನೈಸ್ ರಸ್ತೆಯಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ದ್ವಿಚಕ್ರ ವಾಹನ ಬಿಡುವುದಿಲ್ಲ, ದಕ್ಷಿಣ ಬೆಂಗಳೂರಿನವರು ಊರೊಳಗಿಂದಲೇ ತುಮಕೂರು ರಸ್ತೆ ಸೇರಬೇಕು.

ಮೊದಲ ಓಟ ದಾವಣಗೆರೆಗೆ, 265 ಕಿ.ಮೀ. ಶಿರಾ, ಹಿರಿಯೂರು ಕತ್ತಲಲ್ಲೇ ಕಳೆಯುತ್ತವೆ. ಮೂರು ಪಥವಿರುವಲ್ಲಿ ನಡುವಿನದನ್ನು ಹಿಡಿಯಿರಿ. ಎಡ ಪಥದಲ್ಲಿ ಹಿಂದಿನ ದೀಪವಿಲ್ಲದೆ ನಿಂತ ಲಾರಿಗಳು, ಹಳ್ಳಿ ಬಂದಲ್ಲೆಲ್ಲ ರಾಂಗ್ ಸೈಡಿನಲ್ಲಿ ಬರುವ ಬೈಕುಗಳು ಇರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಚಿತ್ರದುರ್ಗದ ಗಾಳಿಯಂತ್ರದ ಗುಡ್ಡಗಳ ಬಳಿ ಅಡ್ಡಗಾಳಿ ಬೈಕನ್ನು ಪಥದಿಂದ ತಳ್ಳುತ್ತದೆ. ಬೆಳಗಾವಿಯಿಂದಾಚೆ ಆಗ ಮಳೆಯೂ ಇರುವುದರಿಂದ ಆ ತಿಂಗಳುಗಳನ್ನು ಬಿಟ್ಟುಬಿಡಿ. ಫೆಬ್ರವರಿ ಒಳ್ಳೆಯದು.

5:32ಕ್ಕೆ ದಾವಣಗೆರೆ. ಹನ್ನೆರಡು ನಿಮಿಷವನ್ನು ಹೀಗೆ ಖರ್ಚು ಮಾಡಿ: ಪೆಟ್ರೋಲ್ ಮತ್ತು ಬಿಲ್ಲಿಗೆ ನಾಲ್ಕು, ಬಿಲ್ಲನ್ನು ಓಡೋಮೀಟರ್ ಪಕ್ಕ ಹಿಡಿದು ಫೋಟೋ ತೆಗೆದು ಪುಸ್ತಕದಲ್ಲಿ ಬರೆಯಲು ಮೂರು, ಶೌಚಕ್ಕೆ ಮೂರು, ಬಾಯಿಗೆ ಎರಡು. ಬಿಲ್ಲಿನ ಮೇಲೆ ದಿನಾಂಕ, ಸಮಯ, ಊರು ಮೂರೂ ಅಚ್ಚಾಗಿವೆಯೇ ಎಂದು ಬಂಕ್ ಬಿಡುವ ಮೊದಲೇ ನೋಡಿ. ಯಂತ್ರದ ಗಡಿಯಾರ ತಪ್ಪಿರುವುದು, ಕಾಗದ ಮುಗಿದು ಕೈಬರಹದ ಚೀಟಿ ಕೊಡುವುದು ಎರಡೂ ಉಂಟು. ಹಾಗಾದರೆ ಹತ್ತಿರದ ಎಟಿಎಂನಲ್ಲಿ ನೂರು ರೂಪಾಯಿ ತೆಗೆದು ಆ ಚೀಟಿ ಇಟ್ಟುಕೊಳ್ಳಿ. ಕಾರಿನವರಿಗೆ ಟೋಲ್ ದಾಖಲೆಯಾದರೂ ಇರುತ್ತದೆ. ಹೆದ್ದಾರಿ ಟೋಲ್‌ಗಳಲ್ಲಿ ಬೈಕ್‌ಗೆ ಶುಲ್ಕವಿಲ್ಲ, ಎಡತುದಿಯ ಇಕ್ಕಟ್ಟಿನ ಸಂದಿಯಲ್ಲಿ ನುಸುಳಿದರೆ ಆಯಿತು. ಆದ್ದರಿಂದಲೇ ನೀವು ಅಲ್ಲಿ ಹಾದುಹೋದಿರಿ ಎನ್ನುವುದಕ್ಕೆ ಗುರುತೂ ಉಳಿಯುವುದಿಲ್ಲ. ಬಿಲ್ಲಿನ ಅಕ್ಷರ ಬಿಸಿಲಿಗೆ ಮಾಸುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಜಾಕೆಟ್ಟಿನ ಒಳಜೇಬಿಗೆ ಹಾಕಿ.

ಮುಂದೆ ನಿಪ್ಪಾಣಿಗೆ 315 ಕಿ.ಮೀ., ಇಡೀ ದಾರಿಯಲ್ಲಿ ಉದ್ದದ ಓಟ. 13 ಲೀಟರ್ ಟ್ಯಾಂಕ್, ಲೀಟರಿಗೆ 30 ಕಿ.ಮೀ. ಕೊಡುವ ಬೈಕ್ ಎರಡು ಲೀಟರ್ ಉಳಿಸಿಕೊಂಡು 330 ಓಡುತ್ತದೆ. ಮೈಲೇಜ್ ಅದಕ್ಕಿಂತ ಕಡಿಮೆಯಿದ್ದರೆ ಬೆಳಗಾವಿಯಲ್ಲಿ ಒಂದು ನಿಲುಗಡೆ ಸೇರಿಸಿ, 38ರಿಂದ 12 ಕಳೆಯಿರಿ. ಹುಬ್ಬಳ್ಳಿ–ಧಾರವಾಡ ಬೈಪಾಸ್ ಬಗ್ಗೆ ಗಂಭೀರವಾಗಿಯೇ ಹೇಳಬೇಕು. ವರ್ಷಗಟ್ಟಲೆ ವಿಭಜಕವಿಲ್ಲದೆ ಎರಡೇ ಪಥದಲ್ಲಿದ್ದು ಬಹಳ ಜೀವ ತೆಗೆದ ಸುಮಾರು 30 ಕಿ.ಮೀ. ಅದು. ಅಗಲೀಕರಣದ ಕೆಲಸ ಮುಗಿಯದ ಕಡೆ ಬೈಕ್‌ಗೆ 60ರ ಮಿತಿ. ಹೋಗುವಾಗ ಬರುವಾಗ ಸೇರಿ ಹದಿನೈದು ನಿಮಿಷ ಇಲ್ಲೇ ಹೋಗಬಹುದು, ಹೋಗಲಿ. ಬರುವಾಗ ಸಂಜೆ ಏಳೂವರೆಯ ಮೇಲೆ, ಎದುರಿನ ಹೈಬೀಮ್ ಕಣ್ಣಿಗೆ ಹೊಡೆಯುತ್ತಿರುವಾಗ, ಇಲ್ಲಿ ಓವರ್‌ಟೇಕ್ ಮಾಡುವುದು ಬೇಡ. ಬೆಳಗಾವಿ ದಾಟಿದ ಮೇಲೆ ವಂಟಮೂರಿ ಘಾಟ್, ನಿಪ್ಪಾಣಿಗೆ ಮೊದಲು ತವಂದಿ ಘಾಟ್. ಎರಡೂ ಚಿಕ್ಕವು, ಆದರೆ ಇಳಿಜಾರಿನಲ್ಲಿ ಲಾರಿಯ ಮುಂದೆ ಸಿಕ್ಕಿಕೊಳ್ಳಬೇಡಿ.

ನಿಪ್ಪಾಣಿಗೆ 9:56. ತೀರ್ಮಾನದ ಜಾಗ ಇದು. 10:40 ಕಳೆದರೂ ಇಲ್ಲಿಂದ ಹೊರಟಿಲ್ಲವಾದರೆ 24 ಗಂಟೆಯಲ್ಲಿ ಮುಗಿಯುವುದಿಲ್ಲ, ಇಲ್ಲಿಂದಲೇ ಮರಳಿ. ಈ ಗಡುವನ್ನು ಮನೆಯಲ್ಲೇ ಕಾಗದದ ಮೇಲೆ ಬರೆದು ಟ್ಯಾಂಕಿಗೆ ಅಂಟಿಸಿರಬೇಕು. 580 ಕಿ.ಮೀ. ಓಡಿದ ತಲೆ ‘ಇನ್ನೊಂದಿಷ್ಟು ಎಳೆದರೆ ಆಗುತ್ತದೆ’ ಎನ್ನುತ್ತದೆ, ಕಾಗದ ಹಾಗೆನ್ನುವುದಿಲ್ಲ. ಏರ್‌ಕೂಲ್ಡ್ ಸಿಂಗಲ್ ಸಿಲಿಂಡರ್ ಬೈಕಾದರೆ ಎಂಜಿನ್ ಆಯಿಲ್ ಮಟ್ಟ ನೋಡುವುದೂ ಇಲ್ಲೇ, ಅರ್ಧ ಲೀಟರ್ ಜೊತೆಗಿರಲಿ.

ಕೊಲ್ಹಾಪುರ, ಕರಾಡ, ಸಾತಾರಾ. ಡೈವರ್ಷನ್‌ಗಳಲ್ಲಿ ಸರ್ವಿಸ್ ರಸ್ತೆಗೆ ಇಳಿಯುವ ಅಂಚಿನಲ್ಲಿ ಜಲ್ಲಿ ಚೆಲ್ಲಿರುತ್ತದೆ. ಖಂಬಾಟ್ಕಿಯ ಹಳೆಯ ಸುರಂಗ ಮುಗಿದ ಕೂಡಲೇ ಇಳಿಜಾರಿನಲ್ಲಿ ‘ಎಸ್’ ಆಕಾರದ ತಿರುವು ಇದೆ. ಹೊಸ ಜೋಡಿ ಸುರಂಗದ ಕಾಮಗಾರಿಯಿಂದ ಸಂಚಾರ ಯಾವ ಕಡೆಗೆ ಬಿಟ್ಟಿದ್ದಾರೆ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಖೇಡ್ ಶಿವಾಪುರದಲ್ಲಿ ಅಂಡರ್‌ಪಾಸ್‌ನಲ್ಲಿ ತಿರುಗಿ, ಬೆಂಗಳೂರು ಕಡೆಯ ಬದಿಯ ಬಂಕ್‌ಗೆ ಹೋಗಿ. ಆ ತಿರುವಿನ ಬಿಲ್ ಇಲ್ಲದಿದ್ದರೆ ಹಿಂದಿನ ಬಿಲ್ಲಿನ ಊರಿನವರೆಗೆ ಮಾತ್ರ ನೀವು ಹೋಗಿದ್ದೀರಿ ಎಂದಾಗುತ್ತದೆ. ಬಿಸಿಯಾಗಿರುವ ಚೈನ್‌ಗೆ ಲ್ಯೂಬ್ ಹಾಕಲು ಇದೇ ಸರಿಯಾದ ಜಾಗ, ಸೆಂಟರ್ ಸ್ಟ್ಯಾಂಡ್ ಇದ್ದರೆ ಮೂರು ನಿಮಿಷದ ಕೆಲಸ. ಟ್ಯೂಬ್‌ಲೆಸ್ ಟೈರಿಗೆ ಪಂಕ್ಚರ್ ಕಿಟ್ ಮತ್ತು ಚಿಕ್ಕ ಏರ್‌ಪಂಪ್ ಸಾಕು. ಟ್ಯೂಬ್ ಇರುವ ಟೈರ್ ಪಂಕ್ಚರ್ ಆದರೆ ಆ ದಿನದ ಪ್ರಯತ್ನ ಅಲ್ಲಿಗೆ ಮುಗಿದಂತೆ.

ಹೊಟ್ಟೆ ತುಂಬ ಊಟ ಬೇಡ, ಮಧ್ಯಾಹ್ನದ ಬಿಸಿಲಿಗೆ ಅದು ನೇರ ಕಣ್ಣಿಗೆ ಹತ್ತುತ್ತದೆ. ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ, ಡಬ್ಬಿಯಲ್ಲಿ ಎರಡು ಇಡ್ಲಿ. ನೀರನ್ನು ಬೆನ್ನಚೀಲದ ನಳಿಕೆಯಿಂದ ಓಡುತ್ತಲೇ ಗುಟುಕರಿಸಿ, ಒಂದು ಲೀಟರಿಗೆ ಒಆರ್‌ಎಸ್ ಬೆರೆಸಿ. ಕಾಫಿಯನ್ನು ಸಂಜೆಯ ನಿಪ್ಪಾಣಿಗೆ ಉಳಿಸಿಕೊಳ್ಳಿ.

ಸಂಜೆ 5:14ಕ್ಕೆ ಮತ್ತೆ ನಿಪ್ಪಾಣಿ. ಕಬ್ಬಿನ ಹಂಗಾಮಿನಲ್ಲಿ ಕರಾಡದಿಂದ ಇಲ್ಲಿಯವರೆಗೆ ಒಂದೇ ಟ್ರ್ಯಾಕ್ಟರ್ ಎರಡೆರಡು ಟ್ರಾಲಿ ಎಳೆಯುತ್ತ, ಹಿಂದೆ ಒಂದು ದೀಪವೂ ಇಲ್ಲದೆ ಬಲ ಪಥದಲ್ಲೂ ಹೋಗುತ್ತಿರುತ್ತದೆ. ಕತ್ತಲಾಗುವ ಮೊದಲು ಇದನ್ನು ದಾಟುವಂತೆ ಹೊರಡುವ ಹೊತ್ತನ್ನು ಕೂರಿಸಿರುವುದು ಸುಮ್ಮನೆ ಅಲ್ಲ.

9:38ಕ್ಕೆ ದಾವಣಗೆರೆ. ಉಳಿದ 265 ಕಿ.ಮೀ.ನಲ್ಲಿ ರೆಪ್ಪೆ ಭಾರವಾದರೆ, ಕಳೆದ ಊರು ಯಾವುದೆಂದು ನೆನಪಾಗದಿದ್ದರೆ, ಬೆಳಕಿರುವ ಬಂಕ್‌ನಲ್ಲಿ ಅಲಾರಂ ಇಟ್ಟು ಇಪ್ಪತ್ತು ನಿಮಿಷ ಮಲಗಿ. ಉಳಿದಿರುವ ನಿಮಿಷಗಳಲ್ಲಿ ಅದು ಹಿಡಿಸದಿದ್ದರೂ ಮಲಗಿ, ಪ್ರಯತ್ನವನ್ನು ಇನ್ನೊಂದು ತಿಂಗಳು ಮಾಡಬಹುದು. ಎಲ್ಲ ಸರಿಯಾಗಿದ್ದರೆ ಬೆಂಗಳೂರಿಗೆ 1:22. ಮನೆಗೆ ಹೋಗುವ ಮೊದಲು ಹೊರಟ ಬಂಕ್‌ನಲ್ಲೇ ಒಂದು ಲೀಟರ್ ಹಾಕಿಸಿ, ಅಚ್ಚಾದ ಬಿಲ್ಲಿನ ಸಮಯವನ್ನು ಓದಿ, ಆಮೇಲೆ ಹೆಲ್ಮೆಟ್ ತೆಗೆಯಿರಿ.