ಎಣ್ಣೆ ಇಲ್ಲದ ಸಾಲಡ್ ತಿಂದು ನಾನು ಮಾಡ್ಕೊಂಡ ಎಡವಟ್ಟು

ಬೆಲ್ಟಿನ ಕೊನೇ ತೂತೂ ಸಾಲದಾದ್ಮೇಲೆ ನಾನೂ ರಾತ್ರಿ ಊಟದ ಬದ್ಲು ಸಾಲಡ್ ಶುರು ಮಾಡಿದೆ. ಸೌತೆಕಾಯಿ, ಟೊಮೇಟೊ, ಕ್ಯಾರೆಟ್, ಮೇಲೆ ಉಪ್ಪು ನಿಂಬೆರಸ ಅಷ್ಟೇ, ಎಣ್ಣೆ ಒಂದ್ ತೊಟ್ಟೂ ಇಲ್ಲ, ಅದೇನೋ ದೊಡ್ಡ ಸಾಧನೆ ಅನ್ಕೊಂಡಿದ್ದೆ. ಒಂಬತ್ತಕ್ಕೆ ತಿಂದ್ರೆ ಹತ್ತೂವರೆಗೆಲ್ಲ ಬಿಸ್ಕೆಟ್ ಡಬ್ಬ ತಡಕೋದು. ಸೌತೆಕಾಯೀಲಿ 100ಕ್ಕೆ 95 ಪಾಲು ನೀರೇ, ಇನ್ನೆಷ್ಟೊತ್ತು ತಡೆಯುತ್ತೆ ಹೇಳಿ.

ಆಮೇಲೆ ಕೂತು ಓದ್ದಾಗ ಗೊತ್ತಾಗಿದ್ದು, ಹಸಿವಿಗಿಂತ ದೊಡ್ಡ ತಪ್ಪು ಎಣ್ಣೆ ಬಿಟ್ಟಿದ್ದೇ. ಟೊಮೇಟೊಗೆ ಕೆಂಪು ಬಣ್ಣ ಕೊಡೋ ಲೈಕೋಪೀನ್, ಕ್ಯಾರೆಟ್‌ನಲ್ಲಿರೋ ಬೀಟಾ ಕ್ಯಾರೋಟಿನ್ ಇವೆಲ್ಲ ಕೊಬ್ಬಲ್ಲಿ ಕರಗೋವು, ಜೊತೆಗೆ ಸ್ವಲ್ಪನೂ ಜಿಡ್ಡಿಲ್ಲ ಅಂದ್ರೆ ಮೈಗೆ ಹತ್ತೋದು ತುಂಬಾ ಕಮ್ಮಿ. ಅಂದ್ರೆ ಅಷ್ಟು ದಿನ ಕಟ್ ಮಾಡಿ ಕಟ್ ಮಾಡಿ ಅರ್ಧಕ್ಕರ್ಧ ವೇಸ್ಟ್! ಈಗ ಒಂದ್ ಟೇಬಲ್ ಸ್ಪೂನ್ ಎಣ್ಣೆ ಹಾಕ್ತೀನಿ. ಅಷ್ಟರಲ್ಲೇ ಹತ್ತತ್ರ 120 ಕ್ಯಾಲರಿ ಇರುತ್ತೆ, ಹಾಗಾಗಿ ಬಾಟ್ಲಿಯಿಂದ ಸೀದಾ ಸುರಿಯಕ್ಕೆ ಹೋಗ್ಬೇಡಿ. ಟೊಮೇಟೊನ ಒಂಚೂರು ಎಣ್ಣೇಲಿ ಬಾಡಿಸಿ ಹಾಕಿದ್ರೆ ಲೈಕೋಪೀನ್ ಇನ್ನೂ ಚೆನ್ನಾಗಿ ಸಿಗುತ್ತೆ. ಪ್ರಾಸ್ಟೇಟ್ ಕ್ಯಾನ್ಸರ್ ಬರಲ್ಲ ಅಂತ ವಾಟ್ಸಾಪಲ್ಲಿ ಓಡಾಡುತ್ತಲ್ಲ, ಅದು ಮಾತ್ರ ಸಾಬೀತಾಗಿಲ್ಲ, ಟೊಮೇಟೊ ಜಾಸ್ತಿ ತಿನ್ನೋರಲ್ಲಿ ಕಮ್ಮಿ ಇರಬಹುದು ಅಂತ ಕೆಲವು ಅಧ್ಯಯನ ಸೂಚಿಸ್ತವೆ ಅಷ್ಟೇ.

ಗಂಡಸರ ಸಾಲಡ್ ಅಂದ ಕೂಡ್ಲೇ ಎಲ್ರೂ ಹೇಳೋದು ಕುಂಬಳಬೀಜ, ಜಿಂಕ್ ಇದೆ, ಟೆಸ್ಟೋಸ್ಟಿರಾನ್ ಅನ್ನೋ ಗಂಡಸರ ಹಾರ್ಮೋನ್ ಏರುತ್ತೆ ಅಂತ. ಜಿಂಕ್ ಇರೋದು ನಿಜ, 30 ಗ್ರಾಂ ಬೀಜದಲ್ಲಿ 2 ಮಿಲಿಗ್ರಾಂ ಮೇಲೇ ಸಿಗುತ್ತೆ, ಅಮೆರಿಕದ ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ 11 ಬೇಕು. ಆದ್ರೆ ಜಿಂಕ್ ಕೊರತೆ ಇದ್ದೋನಿಗೆ ಅದು ಸರಿಹೋದಾಗ ಹಾರ್ಮೋನ್ ಸರಿ ಆಗ್ಬಹುದೇ ಹೊರತು, ಎಲ್ಲ ಸರಿಯಾಗೇ ಇರೋನು ಮುಷ್ಟಿ ಮುಷ್ಟಿ ತಿಂದ್ರೆ ಏನೂ ಏರಲ್ಲ. ಸೋಯಾ ತಿಂದ್ರೆ ಇಳಿದೇ ಹೋಗುತ್ತೆ ಅನ್ನೋದೂ ಅಷ್ಟೇ, ಮಾಮೂಲಿ ಪ್ರಮಾಣದಲ್ಲಿ ತಿನ್ನೋರಿಗೆ ಹಾಗಾಗಲ್ಲ. ನಾನು ಕುಂಬಳಬೀಜ ಹಾಕೋದು ಮೆಗ್ನೀಷಿಯಂಗೆ, ಮತ್ತೆ ನಿಜ ಹೇಳ್ಬೇಕಂದ್ರೆ ಕಟುಂ ಅನ್ನೋ ಸದ್ದಿಗೆ.

ನಮಗೆ ನಿಜವಾಗ್ಲೂ ಕಮ್ಮಿ ಬೀಳೋದು ನಾರು. ಅದೇ ಅಮೆರಿಕದ ಲೆಕ್ಕದಲ್ಲಿ 50 ವರ್ಷದೊಳಗಿನ ಗಂಡಸರಿಗೆ ದಿನಕ್ಕೆ 38 ಗ್ರಾಂ, ಹೆಂಗಸರಿಗೆ 25. ಸೊಪ್ಪು ಸೌತೆಕಾಯಿ ನಂಬ್ಕೊಂಡ್ರೆ ಅಷ್ಟು ಮುಟ್ಟಲ್ಲ, ಕಾಳೇ ಬೇಕು. ಬೇಯಿಸಿದ ಕಾಬೂಲ್ ಕಡಲೆ 100 ಗ್ರಾಂ ಹಾಕಿದ್ರೆ 7-8 ಗ್ರಾಂ ನಾರು, 9 ಗ್ರಾಂ ಹತ್ರ ಪ್ರೋಟೀನು. ಇದು ಸೇರಿದ್ಮೇಲೇ ನನ್ನ ಬಿಸ್ಕೆಟ್ ಡಬ್ಬದ ಕಾಟ ನಿಂತಿದ್ದು. ಒಂದೇ ಸಲ ಬಟ್ಟಲುಗಟ್ಟಲೆ ಶುರು ಮಾಡ್ಬೇಡಿ ಮಾತ್ರ, ಮೊದಲ ವಾರ ಗ್ಯಾಸಿಗೆ ನನ್ ಪಕ್ಕ ಯಾರೂ ಕೂರ್ತಿರ್ಲಿಲ್ಲ.

ಪಾಲಕ್ ಒಳ್ಳೇದು, ಫೋಲೇಟ್ ಇದೆ, ವಿಟಮಿನ್ ಕೆ ಅಂತೂ ಭರ್ತಿ, ರಕ್ತ ಹೆಪ್ಪುಗಟ್ಟಕ್ಕೆ ಬೇಕಾಗಿರೋದು ಇದೇ. ಅದಕ್ಕೇ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ಳೋರು ಡಾಕ್ಟರ್‌ನ ಕೇಳದೆ ಸಡನ್ನಾಗಿ ಜಾಸ್ತಿ ಮಾಡ್ಬಾರ್ದು.

ಇನ್ನು ಬೀಟ್‌ರೂಟ್. ಅದರಲ್ಲಿರೋ ನೈಟ್ರೇಟ್‌ನ ಬಾಯಲ್ಲಿರೋ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಆಮೇಲೆ ದೇಹದಲ್ಲಿ ಅದು ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲ ಆಗುತ್ತೆ, ಬಿಪಿ ಸ್ವಲ್ಪ ಇಳಿಯಕ್ಕೆ ಸಹಾಯ. ಹಾಗಾಗಿ ಕೀಟಾಣು ಕೊಲ್ಲೋ ಮೌತ್‌ವಾಶಲ್ಲಿ ಬಾಯಿ ಮುಕ್ಕಳಿಸಿದ್ರೆ ಈ ಲಾಭ ಕಮ್ಮಿ ಆಗುತ್ತೆ, ತಮಾಷೆ ಅಲ್ವಾ? ಇದನ್ನೆಲ್ಲ ಓದಿದ್ದ ನಾನು ಒಂದು ವಿಷ್ಯ ಮಾತ್ರ ಓದಿರ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ಬಾತ್‌ರೂಮಲ್ಲಿ ಕೆಂಪು ನೋಡಿ ಕಿಡ್ನಿ ಹೋಯ್ತು ಅಂತ ಹೆಂಡತೀನ ಕೂಗಿದೆ. ಅವಳು ಎದ್ದೂ ಬರ್ಲಿಲ್ಲ, ಹಾಸಿಗೆಯಿಂದಾನೇ "ನಿನ್ನೆ ಬೀಟ್‌ರೂಟ್ ತಿಂದಿದ್ರಲ್ಲ ರೀ" ಅಂದ್ಲು. ತಿನ್ನದೇ ಇದ್ದಾಗ್ಲೂ ಕೆಂಪು ಕಂಡ್ರೆ ಮಾತ್ರ ಡಾಕ್ಟರ್ ಹತ್ರ ಓಡಿ.