ತಾಮ್ರದ ಟೋಪಿ

ನವೆಂಬರ್ 10, 2024, ಭಾನುವಾರ

ಎಡಗಿವಿ ಇನ್ನೂ ಕಟ್ಟಿಕೊಂಡಿದೆ. ಶೀತ. ಜಪಾನಿನ ಬೋಸೋ ಕರಾವಳಿಯಿಂದ ವಾಪಸ್ ಬರುವಾಗ ರೈಲು ಸುರಂಗ ಹೊಕ್ಕಾಗಲೆಲ್ಲ ಗುಂಯ್ ಅನ್ನುತ್ತಿತ್ತು. ಇವರಿಗೆ ಕಿಟಕಿ ಪಕ್ಕ ಒಳ್ಳೇ ನಿದ್ದೆ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಏನು ನೋಡಿದೆ ಅಂದಳು. ತಾಮ್ರದ ಟೋಪಿ ಅಂದೆ. ನಕ್ಕಳು.

ನಾವು ಉಳಿದಿದ್ದ ಮನೆಯ ಅಜ್ಜ ತೋರಿಸಿದ್ದು, ಕಡಲಿನಲ್ಲಿ ಮುಳುಗುವವರು ತಲೆಗೆ ಹಾಕಿಕೊಳ್ಳುವಂಥದ್ದು. ಸ್ನಾನದ ಹಂಡೆ ಬೋರಲು ಹಾಕಿದ ಹಾಗಿದೆ, ಗಾಜಿನ ಕಿಟಕಿ ಬೇರೆ. ಒಳಗೆ ತಲೆಗೆ ತಾಗುವಂತೆ ಒಂದು ಗುಂಡಿ. ಕಿರಿಪ್ಪು ಅಂತೆ ಅದರ ಹೆಸರು. ಮೇಲಿಂದ ಬರುವ ಗಾಳಿ ಜಾಸ್ತಿಯಾದರೆ ತಲೆಯಲ್ಲೇ ಒತ್ತಿ ಹೊರಗೆ ಬಿಡಬೇಕು. ಮರೆತರೆ ಉಡುಪು ಉಬ್ಬಿ ಮನುಷ್ಯ ಬೆಂಡಿನ ಹಾಗೆ ಮೇಲಕ್ಕೆ ಚಿಮ್ಮುತ್ತಾನೆ. ಸೀಸದ ಬೂಟು, ಎದೆ ಮೇಲೆ ಸೀಸದ ತೂಕ, ಎಲ್ಲ ಸೇರಿ 60 ಕೆಜಿಗೂ ಜಾಸ್ತಿ. ನಾನೇ ಅಷ್ಟಿಲ್ಲ!

ಯೊಕೊಹಾಮಾದ ಮಸುದಾ ಮಂಕಿಚಿ ಈ ವಿದ್ಯೆ ಕಲಿತಿದ್ದ. 1878ರಲ್ಲಿ ಬೋಸೋದ ನೆಮೊಟೊ ಊರಿನ ಮೋರಿ ಸೇಕಿಚಿರೋ ಇದನ್ನೇ ಅವಾಬಿ ಅನ್ನೋ ತಿನ್ನುವ ಚಿಪ್ಪುಜೀವಿ ಹಿಡಿಯೋಕೆ ತಂದ. ಉಸಿರು ಬಿಗಿಹಿಡಿದು ಮುಳುಗಿ ಅದನ್ನು ತೆಗೆಯುವ ಹೆಂಗಸರ ಕಡಲಿಗೆ ಯಂತ್ರ ಇಳಿಯಿತು. 1897ರಲ್ಲಿ ಇದೇ ಕರಾವಳಿಯ ಕೊಟಾನಿ ಗೆನ್ನೊಸುಕೆ ಕ್ಯಾಲಿಫೋರ್ನಿಯಾಕ್ಕೇ ಹೋದ. ಅಲ್ಲಿನ ನೀರು ಕೊರೆಯುವಷ್ಟು ತಣ್ಣಗೆ, ಬರಿಮೈಯಲ್ಲಿ ಆಗಲಿಲ್ಲ. ಮತ್ತೆ ಟೋಪಿಯೇ. ಮರುವರ್ಷ ಜಪಾನಿನ ಉತ್ತರದ ಇವಾತೆ ಪ್ರಾಂತ್ಯದ ತಾನೆಇಚಿ ಹತ್ತಿರ ನಗೋಯಾ ಮಾರು ಹಡಗು ತಳ ತಾಗಿ ಸಿಕ್ಕಿಬಿದ್ದಾಗ ಅದನ್ನು ಎತ್ತುವ ಕೆಲಸಕ್ಕೆ ಬೋಸೋದವರು ಹೋದರು. ಅವರಿಂದ ಅಲ್ಲಿನವನೊಬ್ಬ ಕಲಿತ. ಅಲ್ಲಿನ ಹೈಸ್ಕೂಲಿನಲ್ಲಿ ಈಗಲೂ ಇದನ್ನು ಕಲಿಸುತ್ತಾರೆ.

ಇಷ್ಟೆಲ್ಲ ಹೇಳಿದೆ. ಅಮ್ಮ ಕೇಳಿದ್ದು ಒಂದೇ.

"ಗಾಳಿ ಊದೋರು ಯಾರೇ?"

ದೋಣಿ ಮೇಲೆ ಕೈಪಂಪು ಇರುತ್ತಿತ್ತು ಅಂದೆ.

"ಕಮ್ಮಾರನ ತಿದಿ ಥರಾನಾ? ಅವನ ಕೈ ಸೋತರೆ?"

"ಸರದಿ ಮೇಲೆ ಹೊಡೀತಾರಮ್ಮ."

"ಸರದಿಯವನು ಆಕಳಿಸ್ತಾ ನಿಂತಿದ್ರೆ? ಕೆಳಗಿರೋನ ಜೀವ ಅವನ ಕೈಲಿದೆ ಅಲ್ವಾ?"

ನಂಗೆ ಉತ್ತರ ಹೊಳೆಯಲಿಲ್ಲ. ಅಜ್ಜನ ತಾತ ಮುಳುಗುವವನಲ್ಲ, ಪಂಪಿನವನಂತೆ. ಬೆಳಿಗ್ಗೆ ಅಜ್ಜ ಅದನ್ನು ಹೇಳುತ್ತಾ ಎರಡೂ ಕೈ ಮೇಲೆ ಕೆಳಗೆ ಆಡಿಸಿ ತೋರಿಸಿದ್ದರು, ಒಂದೇ ಲಯ, ಕಣ್ಣು ಮಾತ್ರ ನೀರಿನ ಗುಳ್ಳೆ ಮೇಲೆ. ನಾನು ಆಗ ಟೋಪಿಯ ಫೋಟೋ ತೆಗೆಯುತ್ತಿದ್ದೆ. ಕೈ ಫ್ರೇಮಿನಿಂದ ಹೊರಗೆ.

ನಾಳೆ ಕಿವಿ ಡಾಕ್ಟರು. ಅಕ್ಕಿ ಮುಗಿದಿದೆ. ಮುಳುಗಿದವನಿಗೆ ಕಟ್ಟಿದ ಸನ್ನೆಯ ಹಗ್ಗ ಒಂದು ಸಲ ಎಳೆದರೆ ಏನು, ಎರಡು ಸಲ ಎಳೆದರೆ ಏನು ಅಂತಲೂ ಅಜ್ಜ ಹೇಳಿದ್ದರು, ಅದನ್ನಾದರೂ ಬರೆದಿಟ್ಟುಕೊಳ್ಳೋಣ ಅಂತ ಕೂತೆ. ಒಂದು ಸಲ ಅಂದರೆ... ಅಮ್ಮನ ಫೋನ್ ಮತ್ತೆ.